ಐದು ನಮೂನೆಯ ಮುಟ್ಟಿನ ಬಟ್ಟೆ, ಒಂದು ಭಾವನ ಸೊಂಟಕ್ಕೆ

ಅಥವಾ ಅದು ಭಾನುವಾರವೇ ಅಲ್ಲವೇನೋ. ಭಾವ ನನ್ನ ಹಣೆಗೆ ಭಂಡಾರ ಹಚ್ಚಿದ್ದು ನೆನಪಿದೆ. ಆತ ಮನೆಯವರಿಗೆ ಭಂಡಾರ ಹಚ್ಚುವುದು ಭಾನುವಾರ ಮಾತ್ರ. ಹಾಗಾಗಿ ಅದು ಭಾನುವಾರ ಎಂದು ನಾನು ಆಮೇಲೆ ತೀರ್ಮಾನಿಸಿಕೊಂಡಿದ್ದೇನೆಯೇ ಹೊರತು ವಾರ ಯಾವುದೆಂದು ನನಗೆ ನಿಜವಾಗಿ ನೆನಪಿಲ್ಲ. ಅಕ್ಕನನ್ನು ಕೇಳಿದರೆ ಅವತ್ತು ಅಮಾವಾಸ್ಯೆ ಅನ್ನುತ್ತಾಳೆ. ಅಕ್ಕನ ಮಗಳನ್ನು ಕೇಳಿದರೆ ಕಾಲೇಜಿಗೆ ರಜೆ ಇರಲಿಲ್ಲ, ನಾನೇ ಹಾಕಿದ್ದೆ ಅನ್ನುತ್ತಾಳೆ. ಮೂವರೂ ಒಂದೇ ಕೋಣೆಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತಿದ್ದೆವು. ಮೂವರೂ ಒಪ್ಪುವುದು ಒಂದೇ ಸಂಗತಿಯನ್ನು: ನಾನು ಹೊಲಿದು ತಂದ ಮುಟ್ಟಿನ ಬಟ್ಟೆಯನ್ನು ಭಾವ ದೇವರ ಭಂಡಾರದ ಚೀಲ ಮಾಡಿಕೊಂಡ.

ಅಕ್ಕನ ಮನೆ ತೆಲಿಗಿ ಹತ್ತಿರದ ಹಳ್ಳಿಯಲ್ಲಿದೆ. ಭಾವನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ, ಮತ್ತು ಮನೆದೇವರು ಮೈಲಾರಲಿಂಗನ ಮೇಲೆ ಜಗತ್ತಿನ ಬೇರೆ ಯಾರ ಮೇಲೂ ಇಲ್ಲದಷ್ಟು ನಂಬಿಕೆ. ಭಂಡಾರ ಅಂದರೆ ಆ ದೇವರ ಹೆಸರಿನ ಅರಿಸಿನದ ಪುಡಿ. ಅದು ಮೈಮೇಲೆ ಇಲ್ಲದೆ ಭಾವ ಹೊಸ್ತಿಲು ದಾಟುವವನಲ್ಲ. ಒಬ್ಬಳೇ ಮಗಳು. ಹರಪನಹಳ್ಳಿಯ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಎರಡು ತಿಂಗಳಲ್ಲಿ ಎರಡು ಸಲ ಕಾಲೇಜು ಬಿಟ್ಟು ಮನೆಗೆ ಬಂದು ಮಲಗಿದ್ದಳು. ಅಪ್ಪನಿಗೆ ಹೇಳಿದ್ದು ಜ್ವರ ಅಂತ. ಕುರಿಗೆ ಜ್ವರ ಬಂದರೆ ಕಿವಿ ಮುಟ್ಟಿ ಹೇಳಬಲ್ಲ ಮನುಷ್ಯ ಆತ, ಮಗಳ ಜ್ವರವನ್ನು ಎರಡನೇ ಸಲ ನಂಬಲಿಲ್ಲ.

"ಮೂರನೇ ಸಲ ಬಂದ್ಲಂದ್ರ ಮತ್ತ ಕಳ್ಸಂಗಿಲ್ಲ," ಎಂದನಂತೆ. "ಮನ್ಯಾಗ ಇರ್ಲಿ. ಓದೋ ಮನಸಿಲ್ಲದಾಕಿನ್ನ ಬಸ್ಸಿಗೆ ಹತ್ಸಿ ಹತ್ಸಿ ನನಗ ಸಾಕಾಗೈತಿ."

ಜ್ವರ ಸುಳ್ಳೇ. ನಿಜ ಇದ್ದದ್ದು ತೊಡೆಸಂದಿಯಲ್ಲಿ. ಅಂಗಡಿಯ ಪ್ಯಾಡ್ ಹಾಕಿದರೆ ಅವಳಿಗೆ ಚರ್ಮ ಕೆಂಪಾಗಿ, ಗುಳ್ಳೆ ಎದ್ದು, ಕಾಲು ಅಗಲಿಸಿಕೊಂಡು ನಡೆಯಬೇಕಾಗುತ್ತಿತ್ತು. ಮನೆಯಲ್ಲಾದರೆ ಅವ್ವನ ಹಳೇ ಸೀರೆಯ ತುಂಡು. ಅದನ್ನು ತೊಳೆದು ಕುರಿಹಟ್ಟಿಯ ಹಿಂದೆ ಗೋಣಿತಟ್ಟಿನ ಕೆಳಗೆ ಒಣಹಾಕುವುದು ಅಕ್ಕನ ಪದ್ಧತಿ. ಗಂಡಸರ ಕಣ್ಣಿಗೆ ಬೀಳಬಾರದು, ಬಿದ್ದರೆ ಏನಾಗುತ್ತದೆ ಎಂದು ಯಾರೂ ಪರೀಕ್ಷಿಸಿ ನೋಡಿಲ್ಲ. ಹಾಸ್ಟೆಲಿನಲ್ಲಿ ಗೋಣಿತಟ್ಟೂ ಇಲ್ಲ. ತಾರಸಿಯ ಮೇಲೆ ಒಂದು ಹಗ್ಗ, ಎದುರಿಗೆ ಮೆಕ್ಕೆಜೋಳದ ಗೋದಾಮು. ಲಾರಿಯ ಮೇಲೆ ನಿಂತು ಚೀಲ ಪೇರಿಸುವವರಿಗೆ ಹಗ್ಗದ ಮೇಲಿನದೆಲ್ಲ ಕಾಣುತ್ತದೆ. ಹುಡುಗಿಯರು ಒದ್ದೆ ಬಟ್ಟೆಯ ಮೇಲೆ ಟವೆಲು, ಟವೆಲಿನ ಮೇಲೆ ನೈಟಿ ಹೊದಿಸುತ್ತಿದ್ದರಂತೆ. ಹಾಗೆ ಹಾಕಿದ ಬಟ್ಟೆ ಒಣಗುವುದಿಲ್ಲ, ಬೇಯುತ್ತದೆ. ಸಂಜೆಗೆ ಅದನ್ನೇ ತೆಗೆದು ಹಾಕಿಕೊಂಡರೆ ತುರಿಕೆ. ತುರಿಕೆ ತಡೆಯದೆ ಮನೆಗೆ ಬಸ್ಸು.

"ಭಾವಗ ನಿಜ ಹೇಳಬಾರ್ದೇನು?" ಎಂದು ಫೋನಿನಲ್ಲಿ ಅಕ್ಕನನ್ನು ಕೇಳಿದೆ.

"ಏನಂತ ಹೇಳ್ಲಿ? ಇಷ್ಟು ವರ್ಷ ಸಂಸಾರ ಮಾಡೀನಿ, ಆ ಮಾತು ಒಂದಿನಾ ಬಂದಿಲ್ಲ. ನಾ ಹೊರಗಾಗೀನಿ ಅಂದ್ರ ಅವ್ರು ಎದ್ದು ಹಟ್ಟಿ ಕಡಿ ಹೋಗ್ತಾರ. ಅಷ್ಟ ನಮ್ಮ ಮಾತು."

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಬ್ಲೌಸು ಹೊಲಿಯುವವಳು. ಬ್ಲೌಸು ಹೊಲಿಯುವವಳಿಗೆ ಇದೇನು ಮಹಾ ಅಂದುಕೊಂಡು ಫೋನಿನಲ್ಲಿ ನಾಲ್ಕಾರು ವಿಡಿಯೋ ನೋಡಿ ಕೂತೆ. ಎಲ್ಲದರಲ್ಲೂ ಮೂರು ಮಾತು ಸಮಾನ: ಒಳಗೆ ಹೀರುವ ಬಟ್ಟೆ, ಕೆಳಗೆ ತಡೆಯುವ ಬಟ್ಟೆ, ಪಕ್ಕಕ್ಕೆ ಜಾರದಂತೆ ಹಿಡಿಯುವ ರೆಕ್ಕೆ. ಈ ಮೂರನ್ನು ಹೇಗೆ ಕೂಡಿಸುತ್ತೀರಿ ಎಂಬುದರ ಮೇಲೆ ನಮೂನೆ. ಕೇಳಲು ಸುಲಭ. ನನ್ನ ಮೊದಲನೆಯದರಲ್ಲಿ ಟಿಚ್ ಬಟನ್ ಎರಡೂ ಮೇಲ್ಮುಖವಾಗಿ ಕೂತು, ರೆಕ್ಕೆ ಮಡಚಿದರೆ ಒಂದನ್ನೊಂದು ನೋಡದೆ ಮುಖ ತಿರುಗಿಸಿಕೊಂಡವು. ಎರಡನೆಯದು ಎಷ್ಟು ದಪ್ಪವಾಯಿತೆಂದರೆ ಸೂಜಿ ಮುರಿಯಿತು. ತಡೆಯುವ ಬಟ್ಟೆ ಸಿಗದೆ ಮನೆಯಲ್ಲಿದ್ದ ಹಳೇ ಕೊಡೆಯನ್ನು ಬಿಚ್ಚಿ ಅದರ ಕಪ್ಪು ಬಟ್ಟೆ ಬಳಸಿದೆ. ಕೊನೆಗೆ ಐದು ನಮೂನೆ ಕೈಗೆ ಬಂದವು. ಅವನ್ನು ಒಂದು ಕೈಚೀಲಕ್ಕೆ ತುಂಬಿಕೊಂಡು ಕೊಟ್ಟೂರು ಮೇಲಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಪಕ್ಕದ ಹೆಂಗಸು ಚೀಲಕ್ಕೆ ಇಣುಕಿ, "ಏನ್ರಿ ಅವು?" ಎಂದಳು. "ಕೂಸಿನ ಬಟ್ಟಿ" ಎಂದೆ. "ಎಷ್ಟು ಕೂಸು?" ಎಂದಳು. "ಐದು" ಎಂದೆ. ಆಕೆ ಹರಪನಹಳ್ಳಿ ಬರುವವರೆಗೆ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಇದು ನಡೆದದ್ದೋ, ಆಮೇಲೆ ನಗಿಸಲಿಕ್ಕೆಂದು ನಾನು ಸೇರಿಸಿದ್ದೋ ಹೇಳಲಾರೆ. ಹತ್ತು ಕಡೆ ಹೇಳಿದ್ದೇನೆ, ಈಗ ಆಕೆಯ ಬಳೆಯ ಬಣ್ಣವೂ ನನಗೆ ಕಾಣುತ್ತದೆ. ಬಳೆ ಕಾಣಲು ಶುರುವಾದಾಗಿನಿಂದ ನನಗೆ ಅನುಮಾನ ಹೆಚ್ಚಾಗಿದೆ.

ಮರುದಿನ ಮಧ್ಯಾಹ್ನ ಭಾವ ಕುರಿ ಹೊಡೆದುಕೊಂಡು ಹೋದಮೇಲೆ ಒಳಕೋಣೆಯ ಬಾಗಿಲು ಹಾಕಿದೆವು. ನಾನು, ಅಕ್ಕ, ಹುಡುಗಿ, ಭಾವನ ತಾಯಿ. ಆ ಮುದುಕಿಯನ್ನು ಕರೆದಿರಲಿಲ್ಲ. ಬಾಗಿಲು ಹಾಕುವ ಸದ್ದು ಕೇಳಿದರೆ ಆಕೆ ತಾನಾಗಿ ಒಳಗಿರುತ್ತಾಳೆ. ಕಂಬಳಿ ಹಾಸಿ ಐದನ್ನೂ ಸಾಲಾಗಿ ಇಟ್ಟೆ. ಮುದುಕಿ ಮೊದಲು ಕೈ ಹಾಕಿದ್ದು ಲಾಡಿಯ ನಮೂನೆಗೆ. ಅದಕ್ಕೆ ರೆಕ್ಕೆ ಇಲ್ಲ, ಎರಡು ತುದಿಗೂ ಲಾಡಿ, ಸೊಂಟದ ದಾರಕ್ಕೆ ಕಟ್ಟಿಕೊಳ್ಳುವುದು. ಒಳಚಡ್ಡಿ ಹಾಕದವರಿಗೆ ಅನುಕೂಲ ಎಂದು ವಿಡಿಯೋದಲ್ಲಿ ಹೇಳಿದ್ದರು.

"ಇದು ನಮ್ದ," ಎಂದಳು ಮುದುಕಿ. "ಸೊಂಟಕ್ಕ ದಾರ ಕಟ್ಟಿ, ಬಟ್ಟಿ ಹಿಂದಿಂದ ಮುಂದಕ್ಕ ತಂದು ಸಿಗಸ್ತಿದ್ವಿ. ಕುರಿ ಹಿಂದ ಊರೂರು ತಿರುಗೀನಿ, ಒಂದಿನಾ ಜಾರಿಲ್ಲ. ಇದನ್ನ ತೋರ್ಸಾಕ ನೀ ಬಸ್ ಹತ್ತಿ ಬಂದೀಯೇನು?"

ಆಮೇಲೆ ಕೊಡೆ ಬಟ್ಟೆಯದು. ಇದು ಎಲ್ಲ ಪದರವನ್ನೂ ಸೇರಿಸಿ ಒಂದೇ ಮಾಡಿ ಹೊಲಿದದ್ದು. ತೆಗೆಯುವುದು, ಸೇರಿಸುವುದು ಏನೂ ಇಲ್ಲ, ಹಾಕಿಕೊಂಡರೆ ಮುಗಿಯಿತು. ಹುಡುಗಿ ಅದನ್ನು ಚೂಡಿದಾರದ ಮೇಲೆಯೇ ಸಿಕ್ಕಿಸಿಕೊಂಡು ಕೋಣೆಯೊಳಗೆ ನಾಲ್ಕು ಹೆಜ್ಜೆ ನಡೆದಳು. ಸರ್ ಸರ್ ಎಂದಿತು.

"ಮಳಿ ಬರ್ತೈತೇನ್ ಒಳಗ, ಕೊಡಿ ಹಿಡ್ಯಾಕ?" ಎಂದಳು ಮುದುಕಿ.

"ಕ್ಲಾಸಿಗೆ ನೀ ಬರೋದ್ಕಿಂತ ಮೊದ್ಲ ನಿನ್ನ ಸಪ್ಪಳ ಬರ್ತೈತಿ," ಎಂದು ಅಕ್ಕನೂ ನಕ್ಕಳು. ಅಲ್ಲಿಯತನಕ ಅವಳು ಬಾಗಿಲ ಕಡೆಗೇ ಕಿವಿ ಇಟ್ಟು ಕೂತಿದ್ದಳು.

ಹುಡುಗಿ ಮಾತ್ರ ನಗುತ್ತಿರಲಿಲ್ಲ. ಅವಳು ಕೆಮ್ಮಿನ ಔಷಧಿಯ ಮುಚ್ಚಳ ತಂದು, ಅದರಲ್ಲಿ ಅಳೆದು ಒಂದೊಂದಕ್ಕೂ ನೀರು ಸುರಿಯುತ್ತ ಹೋದಳು. ಒಂದೇ ತುಂಡಿನದು ಎಲ್ಲಕ್ಕಿಂತ ಹೆಚ್ಚು ಕುಡಿಯಿತು, ಹಿಂಡಿದರೆ ಮಾತ್ರ ಒಳಗಿನ ಪದರದ ನೀರು ಹೊರಗೆ ಬರಲೇ ಇಲ್ಲ. "ಇದು ಎರಡು ದಿನಾ ಒಣಗಂಗಿಲ್ಲ ಚಿಕ್ಕವ್ವ," ಎಂದು ಬದಿಗಿಟ್ಟಳು. ಇನ್ನೊಂದಕ್ಕೆ ತುದಿಗಳಲ್ಲಿ ಎರಡು ಅಡ್ಡಪಟ್ಟಿ, ಅವುಗಳ ಕೆಳಗೆ ಹೀರುವ ತುಂಡನ್ನು ತೂರಿಸುವುದು. ತಳ ಹಾಗೇ ಇರುತ್ತದೆ, ತುಂಡನ್ನಷ್ಟೇ ಬದಲಿಸಬಹುದು. ಉಪಾಯ ಚೆನ್ನಾಗಿದೆ ಅನಿಸಿತು. ಹುಡುಗಿ ಅದನ್ನೂ ಸಿಕ್ಕಿಸಿಕೊಂಡು ಎರಡು ಸಲ ಕೂತು ಎದ್ದಳು, ತುಂಡು ಮುದುರಿ ನಡುವಿಗೆ ಬಂದು ಬೆಲ್ಲದ ಉಂಡೆಯಂತಾಯಿತು. ನಾಲ್ಕನೆಯದು ಬಿಚ್ಚಿದರೆ ಒಂದು ತೆಳುವಾದ ಚೌಕ, ಮೂರು ಮಡಿಕೆ ಮಾಡಿ ರೆಕ್ಕೆ ಹಾಕಿದರೆ ಪ್ಯಾಡು. ಹಗ್ಗದ ಮೇಲೆ ಹಾಕಿದರೆ ದೊಡ್ಡ ಕರ್ಚೀಫಿನಂತೆ ಕಾಣುತ್ತದೆ, ಬೇಗ ಒಣಗುತ್ತದೆ. ಇದನ್ನು ಅವಳು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ಹಾಗೆಂದು ನನ್ನ ನೆನಪು. ಹಿಡಿದುಕೊಂಡಿರಲಿ ಎಂಬುದು ನನ್ನ ಆಸೆಯೂ ಇರಬಹುದು, ಯಾಕೆಂದರೆ ಅದು ನನಗೆ ಇಷ್ಟವಾದ ನಮೂನೆ.

ಐದನೆಯದು ಜೇಬಿನದು. ಹೊರಗೆ ರೆಕ್ಕೆಯಿರುವ ಒಂದು ಚೀಲ, ಬೆನ್ನಿಗೆ ಸೀಳು, ಒಳಗೆ ಬೇಕಾದಷ್ಟು ಮಡಿಕೆ ಬಟ್ಟೆ ತುರುಕುವುದು. ಹೆಚ್ಚು ಹೋಗುವ ದಿನ ಎರಡು, ಕಡಿಮೆಯ ದಿನ ಒಂದು. ತೊಳೆಯುವಾಗ ಎಲ್ಲ ಬೇರೆ ಬೇರೆ. ಯಾರದೋ ರವಿಕೆಯ ಲೈನಿಂಗಿನಲ್ಲಿ ಉಳಿದ ಹಳದಿ ಬಟ್ಟೆಯಲ್ಲಿ ಹೊಲಿದಿದ್ದೆ. ಅದಕ್ಕೆ ನೀರು ಸುರಿಯುವ ಸರದಿ ಬರಲಿಲ್ಲ. ಒಳಗಿನ ಮಡಿಕೆಗಳನ್ನು ತೆಗೆದು ತೋರಿಸಿ, ಖಾಲಿ ಚೀಲವನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟಿದ್ದೆ.

ತೊಳೆಯುವ ಕ್ರಮವನ್ನೂ ಹೇಳಿದೆ: ಮೊದಲು ತಣ್ಣೀರು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ, ಮೆತ್ತಗಾಗಲೆಂದು ಸುವಾಸನೆಯ ದ್ರಾವಣ ಹಾಕಿದರೆ ಬಟ್ಟೆ ಹೀರುವುದನ್ನೇ ಮರೆಯುತ್ತದೆ, ಆಮೇಲೆ ಒಳ್ಳೇ ಬಿಸಿಲು.

"ಎಲ್ಲಾ ಖರೇ ಚಿಕ್ಕವ್ವ," ಎಂದಳು ಹುಡುಗಿ. "ಐದು ನಮೂನಿ ಹೊಲದೀಯ. ಬಿಸಿಲು ಹೊಲದೀಯೇನು?"

ಅಷ್ಟರಲ್ಲಿ ಹೊರಗೆ ಭಾವನ ಕೆಮ್ಮು ಕೇಳಿಸಿತು. ಆತ ಅವತ್ತು ಯಾಕೆ ಬೇಗ ಬಂದನೋ ಗೊತ್ತಿಲ್ಲ. ಅಕ್ಕ ಕಂಬಳಿಯ ನಾಲ್ಕು ಮೂಲೆ ಸೇರಿಸಿ ಎತ್ತಿ ತನ್ನ ಕುಂಡೆ ಕೆಳಗೆ ಹಾಕಿಕೊಂಡು ಕೂತಳು. ಆ ವೇಗವನ್ನು ಅವಳಲ್ಲಿ ನಾನು ಮತ್ತೆಂದೂ ಕಂಡಿಲ್ಲ. ಕಿಟಕಿಯ ಮೇಲಿನದನ್ನು ನಾಲ್ವರೂ ಮರೆತೆವು.

ಮರುದಿನ, ಭಾನುವಾರವೆಂದೇ ಇಟ್ಟುಕೊಳ್ಳೋಣ, ಭಾವ ಮಿಂದು, ಪೂಜೆ ಮಾಡಿ, "ಏಳುಕೋಟಿ ಏಳುಕೋಟಿ" ಎಂದು ದೇವರನ್ನು ಕೂಗುತ್ತ ಪಡಸಾಲೆಗೆ ಬಂದ. ನಾವು ಸಾಲಾಗಿ ಹಣೆ ಒಡ್ಡಿಕೊಂಡು ನಿಂತಿದ್ದೆವು. ಆತನ ಸೊಂಟದ ಬೆಲ್ಟಿನಲ್ಲಿ ಹಳದಿಯದು ನೇತಾಡುತ್ತಿತ್ತು. ಎರಡು ರೆಕ್ಕೆ ಬೆಲ್ಟನ್ನು ಸುತ್ತಿ ಹಿಡಿದಿದ್ದವು, ಟಿಚ್ ಬಟನ್ ಸರಿಯಾಗಿ ಕೂತಿತ್ತು. ಬೆನ್ನಿನ ಸೀಳಿಗೆ ಎರಡು ಬೆರಳು ಇಳಿಸಿ, ಭಂಡಾರ ತೆಗೆದು, ಮೊದಲು ತಾಯಿಯ ಹಣೆಗೆ ಹಚ್ಚಿದ.

ನಾನು ಹೋದಾಗಲೆಲ್ಲ ಆತನಿಗೆ ಏನಾದರೊಂದು ಹೊಲಿದುಕೊಂಡು ಹೋಗುತ್ತಿದ್ದೆ. ಹಿಂದಿನ ಸಲ ಫೋನಿಗೆ ಚೀಲ, ಅದರ ಹಿಂದಿನ ಸಲ ಎಲೆ ಅಡಿಕೆಗೆ ಸಂಚಿ. ಈ ಸಲದ್ದು ಇದು ಅಂದುಕೊಂಡದ್ದು ಆತನ ತಪ್ಪಲ್ಲ.

"ನಿನ್ನಿಯಿಂದ ವಿಚಾರ ಮಾಡ್ದೆ ನೋಡವ್ವ," ಎಂದು ನನ್ನ ಹಣೆಗೂ ಹಚ್ಚುತ್ತ ಹೇಳಿದ. "ಈ ಎರಡು ಕಿವಿ ಯಾಕಿಟ್ಟಾಳ ಅಂತ. ಈಗ ತಿಳೀತು. ಬೆಲ್ಟಿಗೆ! ಕುರಿ ಹಿಂದ ಓಡಿದ್ರೂ ಬೀಳಂಗಿಲ್ಲ."

"ಹೌದು ಭಾವ," ಎಂದೆ. "ಬೀಳಬಾರ್ದು ಅಂತನ ಇಟ್ಟದ್ದು."

ಅವತ್ತು ಆತನ ಮುಂದೆ ನಾನು ಆಡಿದ ಒಂದೇ ನಿಜ ಅದು. ಮುದುಕಿ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮುತ್ತ ಒಳಗೆ ಹೋದಳು. ಅಕ್ಕನ ಮುಖ ಮಾತ್ರ ಭಂಡಾರಕ್ಕಿಂತ ಹಳದಿಯಾಗಿತ್ತು.

ಅಡುಗೆಮನೆಯಲ್ಲಿ ಅವಳು ನನ್ನ ರಟ್ಟೆ ಹಿಡಿದಳು. "ಏನ್ ಮಾಡಿಟ್ಟಿಲೇ? ದೇವ್ರ ಭಂಡಾರ ಅದರಾಗ!"

"ಹೊಸಾ ಬಟ್ಟಿ ಅಕ್ಕ. ಯಾರೂ ಹಾಕ್ಕೊಂಡಿಲ್ಲ. ನೀರು ಸೈತ ಸೋಕಿಲ್ಲ."

"ಯಾಕ ಹೊಲದದ್ದು ಅನ್ನೋದು ಇರ್ತೈತಿಲ್ಲೋ?"

"ಮೈಲಾರಪ್ಪಗ ಇಬ್ರು ಹೆಂಡ್ರು," ಎಂದಳು ಮುದುಕಿ ಮೂಲೆಯಿಂದ. "ತಿಂಗಳಿಗೆ ಎರಡು ಸಲ ಕಂಡಾನ. ಅವನಿಗೇನ್ ಹೊಸಾದು? ನಿನ್ನ ಗಂಡನ್ನ ನೋಡ್ಕ್ಯಾ ಮೊದ್ಲು."

ಹುಡುಗಿ ಒಲೆಯ ಪಕ್ಕ ನಿಂತಿದ್ದಳು. "ಅಪ್ಪಗ ಹೇಳೂಣು," ಎಂದಳು.

"ಹೇಳಿದ್ರ ನಿನ್ನ ಓದು ಇವತ್ತ ಮುಗೀತು," ಎಂದಳು ಅಕ್ಕ. "ಭಂಡಾರ ಕೆಡಿಸಿದ್ವಿ ಅಂತಾರ, ಮನೀ ಬಿಟ್ಟು ಕಳ್ಸಂಗಿಲ್ಲ."

"ಹೇಳ್ದಿದ್ರ ಮುಂದಿನ ತಿಂಗಳು ಮುಗೀತೈತಿ. ತುರಿಕಿ ಎದ್ದು ಮತ್ತ ಬರ್ತೀನಿ, ಮೂರನೇ ಸಲ. ಅಷ್ಟ ಫರಕು."

ಅಕ್ಕ ಬೈದಳು. ಹುಡುಗಿ ಬೈಗುಳ ಮುಗಿಯುವವರೆಗೂ ಕಾಯಲಿಲ್ಲ. ಹಿಂದಿನ ದಿನ ನೀರು ಸುರಿದಿದ್ದ ನಾಲ್ಕನ್ನೂ ಬಕೆಟ್ಟಿಗೆ ಹಾಕಿ, ಸಾಬೂನು ಹಚ್ಚಿ ತೊಳೆದು, ಕುರಿಹಟ್ಟಿಯ ಕಡೆ ತಿರುಗದೆ ಸೀದಾ ಮುಂಬಾಗಿಲಿಂದ ಅಂಗಳಕ್ಕೆ ಹೋದಳು. ಅಂಗಳದ ಹಗ್ಗದ ಮೇಲೆ ಅಪ್ಪನ ಧೋತರ, ರುಮಾಲು ಒಣಗುತ್ತಿದ್ದವು. ಅವುಗಳ ಪಕ್ಕ ಒಂದೊಂದಾಗಿ ಹಾಕಿದಳು. ಲಾಡಿಯದರ ಲಾಡಿಗಳನ್ನು ಬಿಡಿಸಿ ಬಿಟ್ಟಳು. ಕೊಡೆ ಬಟ್ಟೆಯದು ಕಪ್ಪಗೆ, ರೆಕ್ಕೆ ಅಗಲಿಸಿಕೊಂಡು, ಸಿಕ್ಕಿಬಿದ್ದ ಬಾವಲಿಯಂತೆ ಜೋತುಬಿತ್ತು. ಮಡಿಕೆಯದನ್ನು ಕರ್ಚೀಫಿನಂತೆ ಹಾಕಬಹುದಿತ್ತು. ಅವಳು ಅದನ್ನೂ ರೆಕ್ಕೆ ಮೇಲಾಗಿ ಕಾಣುವಂತೆ ಹಾಕಿದಳು. ಬಿಸಿಲು ಚೆನ್ನಾಗಿತ್ತು.

ಭಾವ ಹಟ್ಟಿಯಿಂದ ಬಂದು ಹಗ್ಗದ ಮುಂದೆ ನಿಂತ. ನಾವು ಮೂವರೂ ಕಿಟಕಿಯಲ್ಲಿ ಇದ್ದೆವು. ಒಂದು ಕೈ ಆತನ ಸೊಂಟದ ಹಳದಿ ಚೀಲದ ಮೇಲಿತ್ತು. ಹಗ್ಗದ ಮೇಲಿನವುಗಳ ರೆಕ್ಕೆ ನೋಡಿದ, ತನ್ನದರ ರೆಕ್ಕೆ ನೋಡಿಕೊಂಡ. ಇಷ್ಟು ನಾನು ಕಂಡದ್ದು. ಇನ್ನು ಮುಂದಿನದು ಹುಡುಗಿ ಹೇಳಿದ್ದು, ಅದೂ ಒಂದೊಂದು ಸಲ ಒಂದೊಂದು ಥರ.

"ಯಾರವು ಇವು?"

"ನನ್ವು ಅಪ್ಪಾ. ಹಾಸ್ಟೆಲಿಗೆ."

"ನಾಕೂ?"

"ನಾಕೂ."

"ಅಲ್ಲಿ ಯಾವ ದೇವ್ರಿಗೆ ಹರಕಿ ಹೊತ್ತಿ ಇಷ್ಟು?"

ಇಲ್ಲಿ ಆತ ನಕ್ಕ ಎಂದು ಒಮ್ಮೆ ಹೇಳಿದ್ದಾಳೆ, ನಗಲಿಲ್ಲ ಎಂದು ಒಮ್ಮೆ. "ನಾ ಬಂದದ್ದು ಜ್ವರಕ್ಕಲ್ಲ ಅಪ್ಪಾ," ಎಂದು ತಾನು ಹೇಳಿದೆ ಅನ್ನುತ್ತಾಳೆ. ಕಿಟಕಿಯಿಂದ ನನಗೆ ಕಂಡಂತೆ ಅವಳ ತುಟಿ ಅಷ್ಟು ಹೊತ್ತು ಅಲುಗಲಿಲ್ಲ. ಆದರೆ ನನ್ನ ಮುಂದೆ ಅಕ್ಕನ ತಲೆ ಇತ್ತು, ತಲೆಗೆ ಮುಡಿದ ಹೂವಿತ್ತು, ನನ್ನ ಸಾಕ್ಷಿಯನ್ನು ಯಾರೂ ಗಟ್ಟಿಯಾಗಿ ಹಿಡಿಯಬೇಕಿಲ್ಲ. ಭಾವ ಮನೆಯೊಳಗೆ ಬಂದ. ನಾವು ಕಿಟಕಿಯಿಂದ ಚೆದುರಿ ಯಾವ ಯಾವುದೋ ಪಾತ್ರೆ ಹಿಡಿದುಕೊಂಡೆವು. ಆತ ನನ್ನ ಕಡೆ ತಿರುಗಿ ಹೇಳಿದ್ದು ಮಾತ್ರ ನಾನು ಕಿವಿಯಾರೆ ಕೇಳಿದ್ದು:

"ಹಿಂಗಾವು ಇನ್ನೂ ನಾಕು ಹೊಲದು ಕಳ್ಸವ್ವ. ನನ್ನ ಕೂಡ ಮೈಲಾರಕ್ಕ ಬರೋರು ಅದಾರಲ್ಲ, ಅವ್ರಿಗೆ."

ಅಕ್ಕನ ಕೈಯಿಂದ ತಟ್ಟೆ ಬಿತ್ತು.

ಮರುದಿನ ಹುಡುಗಿಯನ್ನು ಬಸ್ಸಿಗೆ ಹತ್ತಿಸಲು ಅಕ್ಕ ಹೊರಟಿದ್ದಳು. ಭಾವ, ನಾನೇ ಹೋಗ್ತೀನಿ ಎಂದ. ಒಂದು ಸುತ್ತು ಹಗ್ಗ ತೆಗೆದುಕೊಂಡ. ಈ ಹಗ್ಗದ ಮೇಲೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಅಕ್ಕ ಹೇಳುವ ಕಥೆಯಲ್ಲಿ ಆತ ಹಾಸ್ಟೆಲಿನ ಮೇಲ್ವಿಚಾರಕಿಯನ್ನು ಕಂಡು, ಗೋದಾಮಿನ ಕಡೆ ಕಾಣದ, ಬಿಸಿಲು ಬೀಳುವ ಹಿತ್ತಿಲ ಗೋಡೆ ಯಾವುದೆಂದು ಕೇಳಿ, ಅಲ್ಲಿ ಆ ಹಗ್ಗವನ್ನು ತಾನೇ ಕಟ್ಟಿ ಬಂದ. ಕೇಳಲು ಬಹಳ ಚೆನ್ನಾಗಿದೆ. ಅಕ್ಕ ಇದನ್ನು ಬಂದ ನೆಂಟರಿಗೆಲ್ಲ ಹೇಳುತ್ತಾಳೆ, ಹೇಳುವಾಗ ಕಣ್ಣು ಒರೆಸಿಕೊಳ್ಳುತ್ತಾಳೆ. ಆದರೆ ಅವಳು ಹರಪನಹಳ್ಳಿಗೆ ಹೋಗಿರಲಿಲ್ಲ, ಭಾವ ಬಂದು ಹೇಳಿದ್ದೂ ಇಲ್ಲ. ಹುಡುಗಿಯನ್ನು ಕೇಳಿದರೆ, "ಹಗ್ಗ ಟ್ರಂಕಿಗೆ ಕಟ್ಟಿದ್ದು, ಅದರ ಚಿಲಕ ಮುರಿದಿತ್ತು" ಅನ್ನುತ್ತಾಳೆ. ನನಗೆ ಟ್ರಂಕಿನ ಚಿಲಕ ನೆನಪಿಲ್ಲ. ನಾನು ಅಕ್ಕನ ಕಥೆಯನ್ನು ಬಯಸುತ್ತೇನೆ, ಟ್ರಂಕಿನ ಕಥೆಯನ್ನು ನಂಬುತ್ತೇನೆ.

ನಾನು ಊರಿಗೆ ಬಂದು ನಾಲ್ಕು ಚೀಲ ಹೊಲಿದು ಕಳಿಸಿದೆ, ಒಳಮಡಿಕೆ ಇಲ್ಲದೆ. ಹದಿನೈದು ದಿನಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನು. ಭಾವನ ಜೊತೆಗಾರನೊಬ್ಬನ ಹೆಂಡತಿ.

"ಅಕ್ಕಾರ, ನಮ್ಮನಿಯವ್ರು ಒಂದು ಭಂಡಾರದ ಚೀಲ ತಂದಾರ," ಎಂದಳು. ದನಿ ಇಳಿಸಿ, "ಇದರೊಳಗ ಹಾಕೋ ಬಟ್ಟಿ ಎಲ್ಲೈತ್ರಿ?"

ಆಕೆಗೆ ಮೂರು ಹೊಲಿದುಕೊಟ್ಟೆ. ಆಕೆಯ ಓರಗಿತ್ತಿಗೆ ಲಾಡಿಯದು ಬೇಕಾಯಿತು. ಹೀಗೆ ಒಬ್ಬರಿಂದೊಬ್ಬರಿಗೆ ಹೋಗಿ, ಈಗ ನನ್ನ ಹತ್ತಿರ ಬ್ಲೌಸಿಗೆ ಬರುವವರು ಅಳತೆ ಕೊಟ್ಟಾದ ಮೇಲೂ ಏಳದೆ ಕೂತಿದ್ದರೆ ನಾನೇ ಕೇಳುತ್ತೇನೆ: ಜೇಬಿಂದೋ, ಮಡಿಕೀದೋ? ಕೊಡೆ ಬಟ್ಟೆಯನ್ನು ಬಿಟ್ಟಿದ್ದೇನೆ.

ಮುಂದಿನ ತಿಂಗಳು ಹುಡುಗಿ ಮನೆಗೆ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಅಕ್ಕ ದಿನಾಲೂ ಸಂಜೆ ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳಂತೆ, ಬಸ್ಸು ಖಾಲಿ ಹೋದರೆ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳಂತೆ. ಪರೀಕ್ಷೆ ಬರೆದು ಮುಗಿಸಿದ ಮೇಲೆಯೇ ಹುಡುಗಿ ಟ್ರಂಕು ಸಮೇತ ಬಂದಿಳಿದದ್ದು. ನಾಲ್ಕರಲ್ಲಿ ಯಾವುದು ಆಗಿಬಂತು ಎಂದು ನಾನು ಕೇಳಿದೆ. ನಮೂನೆ ಸುಧಾರಿಸಲು ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ಕುತೂಹಲ.

"ಎಲ್ಲಾ ನಿನಗ ಯಾಕ ಬೇಕು ಚಿಕ್ಕವ್ವ?" ಎಂದಳು.

ಸರಿಯಾದ ಮಾತು. ನಾನು ಮತ್ತೆ ಕೇಳಿಲ್ಲ. ಅವಳು ನಾನು ಹೊಲಿದದ್ದನ್ನು ಹಾಕಿಕೊಂಡಳೋ, ಅಂಗಡಿಯದನ್ನೇ ಸಹಿಸಿದಳೋ, ತೊಳೆದದ್ದನ್ನು ಎಲ್ಲಿ ಒಣಗಿಸಿದಳೋ ನನಗೆ ಗೊತ್ತಿಲ್ಲ. ಅವತ್ತು ಹಗ್ಗದ ಮುಂದೆ ನಿಂತಾಗ ಭಾವನಿಗೆ ಎಷ್ಟು ಅರ್ಥವಾಗಿತ್ತು ಎಂಬುದೂ ಗೊತ್ತಿಲ್ಲ. ಕೇಳಬೇಕಾದವಳು ಅಕ್ಕ. ಅವಳು ಇನ್ನೂ ಕೇಳಿಲ್ಲ.